ಕಿಲುಬು ಹಿಡಿದ ಮರ್ಕ್ಯುರಿ: ಉಜ್ಜಬೇಕಾ, ಬಿಡಬೇಕಾ?

ಪ್ರಶ್ನೆ: ನಾನು ಮಂಗಳೂರಿನವಳು, ಬ್ಯಾಂಕ್ ಕೆಲಸದಿಂದ ನಿವೃತ್ತಿಯಾಗಿದ್ದೇನೆ. ಎರಡು ವರ್ಷದ ಹಿಂದೆ ಮಗಳನ್ನು ನೋಡಲು ಜರ್ಮನಿಗೆ ಹೋದಾಗ, ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಗೇಣಿಗಿಂತ ಚಿಕ್ಕದಾದ ಒಂದು ಕಂಚಿನ ಗೊಂಬೆ ಕೊಂಡೆ. ತಲೆಯ ಮೇಲೆ ರೆಕ್ಕೆ ಇರುವ ಟೋಪಿ, ಬಲಗೈಯಲ್ಲಿ ಹಣದ ಚೀಲ. ಎಡಗೈ ಮಣಿಕಟ್ಟಿನಲ್ಲಿ ಮುರಿದಿದೆ. ಮೈಯೆಲ್ಲ ಹಸಿರು. ಮಾರುವವನು “ರೋಮನ್ನರ ಕಾಲದ್ದು, ಈ ಹಸಿರೇ ಸಾಕ್ಷಿ” ಅಂದ. ಕಾಗದಪತ್ರ ಏನೂ ಕೊಡಲಿಲ್ಲ. ಕಳೆದ ಮಳೆಗಾಲದಲ್ಲಿ ಅದರ ಕಂಕುಳಲ್ಲಿ, ಪಾದದ ಹತ್ತಿರ ತಿಳಿ ಹಸಿರು ಪುಡಿ ಕಾಣಿಸಿತು. ಒರೆಸಿದರೆ ಮತ್ತೆ ಬರುತ್ತದೆ. ಅಮ್ಮ ಹುಣಸೆಹುಳಿ ಹಚ್ಚಿ ಉಜ್ಜು ಅನ್ನುತ್ತಾರೆ. ಭಾವ “ಲಕ್ಷಗಟ್ಟಲೆ ಬೆಲೆಬಾಳುತ್ತೆ, ಮುಟ್ಟಬೇಡ” ಅನ್ನುತ್ತಾರೆ. ಪಕ್ಕದ ಮನೆಯವರು ಭಿನ್ನವಾದ ಮೂರ್ತಿ ಮನೆಯಲ್ಲಿ ಇಡಬಾರದು ಅನ್ನುತ್ತಾರೆ. ಇದು ನಿಜಕ್ಕೂ ಹಳೆಯದಾ? ಪುಡಿಗೆ ಏನು ಮಾಡಲಿ? ಅಷ್ಟಕ್ಕೂ ಇಷ್ಟು ಚಿಕ್ಕ ಪ್ರತಿಮೆಯನ್ನು ಆಗಿನವರು ಯಾಕೆ ಮಾಡುತ್ತಿದ್ದರು?

ಉತ್ತರ: ಮೊದಲು ತುರ್ತಿನ ಮಾತು. ಹುಣಸೆಹುಳಿ ಬೇಡ, ನೀರೂ ಬೇಡ. ಸಾಧ್ಯವಾದರೆ ಇದನ್ನು ಓದಿ ಮುಗಿಸುವ ಮೊದಲೇ ಎದ್ದು, ಗೊಂಬೆಯನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಜೊತೆಗೆ ತೇವ ಹೀರಿಕೊಳ್ಳುವ ಸಿಲಿಕಾ ಜೆಲ್ ಹಾಕಿ ಮುಚ್ಚಿಬಿಡಿ. ಮಿಕ್ಕಿದ್ದನ್ನು ಸಾವಕಾಶವಾಗಿ ಮಾತಾಡೋಣ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಗಂಟು ಬಿದ್ದಿವೆ: ಹಳೆಯದೋ ಹೊಸದೋ, ಪುಡಿಗೆ ಏನು ಮದ್ದು, ಇದು ದೇವರೋ ಆಟಿಕೆಯೋ. ಮೂರರ ನಡುವೆಯೂ ಕೂತಿರುವುದು ಆ ಹಸಿರೇ. ಮಾರಿದವನಿಗೆ ಅದು ಸಾಕ್ಷಿ, ನಿಮ್ಮ ಅಮ್ಮನಿಗೆ ಕೊಳೆ, ಭಾವನಿಗೆ ದುಡ್ಡು. ಲೋಹದ ವಸ್ತುಗಳನ್ನು ಕಾಪಾಡುವ ನನ್ನಂಥವರು ಕೇಳುವುದು ಬೇರೆ: ಈ ಹಸಿರು ಹೇಗೆ ಬಂತು, ಅದರ ಕೆಳಗೆ ಏನು ಉಳಿದಿದೆ? ಅದಕ್ಕೆ ಉತ್ತರ ಸಿಗಬೇಕಾದರೆ ಇಂಥ ಪ್ರತಿಮೆಯನ್ನು ಹೇಗೆ ಮಾಡುತ್ತಿದ್ದರು, ಮಾಡಿದ ಮೇಲೆ ಅದರೊಂದಿಗೆ ಹೇಗೆ ನಡೆದುಕೊಳ್ಳುತ್ತಿದ್ದರು ಅನ್ನುವುದು ಗೊತ್ತಿರಬೇಕು.

ನಿಮ್ಮ ಗೊಂಬೆ ಯಾರು ಅನ್ನುವುದು ಸುಲಭ. ರೆಕ್ಕೆಯ ಟೋಪಿ, ಬಲಗೈಯಲ್ಲಿ ಹಣದ ಚೀಲ ಅಂದರೆ ಮರ್ಕ್ಯುರಿ. ರೋಮನ್ನರಿಗೆ ಅವನು ವ್ಯಾಪಾರದ, ಲಾಭದ, ಪ್ರಯಾಣದ ದೇವರು. ಮುರಿದ ಎಡಗೈಯಲ್ಲಿ ಎರಡು ಹಾವು ಸುತ್ತಿಕೊಂಡ ದಂಡ ಇದ್ದಿರಬೇಕು. ಗಾಲ್ ನಾಡಿನವರು, ಅಂದರೆ ಈಗಿನ ಫ್ರಾನ್ಸ್ ಮತ್ತು ಅದರ ಆಸುಪಾಸಿನವರು, ಉಳಿದೆಲ್ಲ ದೇವರಿಗಿಂತ ಮರ್ಕ್ಯುರಿಯನ್ನೇ ಹೆಚ್ಚು ಪೂಜಿಸುತ್ತಾರೆ, ಅವನ ಪ್ರತಿಮೆಗಳೇ ಅಲ್ಲಿ ಜಾಸ್ತಿ ಅಂತ ಜೂಲಿಯಸ್ ಸೀಸರ್ ಬರೆದಿಟ್ಟಿದ್ದಾನೆ. ಹಾಗಾಗಿ ಜರ್ಮನಿಯ ಸಂತೆಯಲ್ಲಿ ಮರ್ಕ್ಯುರಿ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ನಕಲಿ ಮಾಡುವವರಿಗೂ ಇದು ಚೆನ್ನಾಗಿ ಗೊತ್ತು ಅನ್ನುವುದನ್ನು ಮಾತ್ರ ಮರೆಯಬೇಡಿ.

ಇನ್ನು ಹಸಿರಿನ ಮಾತು. ಮ್ಯೂಸಿಯಂಗಳಲ್ಲಿ ನೋಡಿ ನೋಡಿ, ಪ್ರಾಚೀನ ಕಂಚು ಅಂದರೆ ಹಸಿರು ಅಂತ ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಅದನ್ನು ಮಾಡಿಸಿದವರು ಇದನ್ನು ಒಪ್ಪುತ್ತಿರಲಿಲ್ಲ. ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿ ಎರಿಥ್ರೈ ಎಂಬ ಗ್ರೀಕ್ ಪಟ್ಟಣವಿತ್ತು. ನಿರಂಕುಶ ದೊರೆಯೊಬ್ಬನನ್ನು ಕೊಂದ ಫಿಲಿಟೀಸ್ ಎಂಬಾತನಿಗೆ ಅಲ್ಲಿ ಪ್ರತಿಮೆ ನಿಲ್ಲಿಸಿದ್ದರು, ಕೈಯಲ್ಲಿ ಕತ್ತಿ. ಮುಂದೆ ಊರಿನ ಆಡಳಿತ ಕೆಲವೇ ದೊಡ್ಡವರ ಕೈಗೆ ಹೋಯಿತು. ಆ ಕತ್ತಿ ತಮ್ಮ ಕಡೆಗೇ ತಿರುಗಿದೆ ಅಂತ ಅವರಿಗೆ ಅನ್ನಿಸಿತೋ ಏನೋ, ಅದನ್ನು ತೆಗೆಸಿಹಾಕಿದರು. ಜನರಿಗೆ ಅಧಿಕಾರ ಮರಳಿ ಬಂದಾಗ ಸಭೆ ಸೇರಿ ಠರಾವು ಮಾಡಿದರು: ಕತ್ತಿಯನ್ನು ಮತ್ತೆ ಕೂರಿಸಬೇಕು, ಪ್ರತಿಮೆಗೆ ಕಿಲುಬು ಹಿಡಿಯದಂತೆ ನೋಡಿಕೊಳ್ಳಬೇಕು, ತಿಂಗಳ ಮೊದಲ ದಿನ ಮತ್ತು ಹಬ್ಬಗಳಲ್ಲಿ ಅದಕ್ಕೆ ಹೂವಿನ ಕಿರೀಟ ಹಾಕಬೇಕು. ಈ ಠರಾವಿನ ಕಲ್ಲುಶಾಸನ ಉಳಿದುಕೊಂಡಿದೆ. ಕಿಲುಬಿನ ವಿಷಯದಲ್ಲಿ ಎರಿಥ್ರೈ ಜನ ನಿಮ್ಮ ಅಮ್ಮನ ಪಕ್ಷ ಅನ್ನಬಹುದು.

ಎಲ್ಲ ಕಡೆಯೂ ಹೀಗೇ ಇತ್ತು ಅಂತಲ್ಲ. ಗ್ರೀಸಿನ ಡೆಲ್ಫಿಯ ದೇವಸ್ಥಾನದಲ್ಲಿ ಅರ್ಚಕನಾಗಿದ್ದ ಲೇಖಕ ಪ್ಲುಟಾರ್ಕ್, ಅಲ್ಲಿಗೆ ಬಂದ ಪ್ರವಾಸಿಗಳು ಹಳೇ ಕಂಚಿನ ಪ್ರತಿಮೆಗಳ ನೀಲಿ ಛಾಯೆ ನೋಡಿ ಬೆರಗಾದದ್ದನ್ನು ಬರೆದಿದ್ದಾನೆ. ಇದು ಬೇಕಂತಲೇ ಬರಿಸಿದ್ದೋ, ಡೆಲ್ಫಿಯ ಗಾಳಿಯಿಂದ ತಾನಾಗಿ ಬಂದದ್ದೋ ಅಂತ ಅವರು ಅಲ್ಲೇ ನಿಂತು ವಾದ ಮಾಡುತ್ತಾರೆ. ಅಂದರೆ ಲೋಹದ ಬಣ್ಣದ ಮೇಲಿನ ಜಗಳ ಕಡಿಮೆಯೆಂದರೂ ಹತ್ತೊಂಬತ್ತು ಶತಮಾನ ಹಳೆಯದು.

ಎರಕದ ಮನೆಯಿಂದ ಆಗಷ್ಟೇ ಹೊರಬಂದ ಪ್ರತಿಮೆಯಂತೂ ಹಸಿರಾಗಿರಲಿಲ್ಲ. ಹೊಳೆಯುವ ಕಂದು ಹೊನ್ನಿನ ಬಣ್ಣ, ಬಿಸಿಲಿಗೆ ಮೈ ಕಾಯಿಸಿದವರ ಚರ್ಮದ ಹಾಗೆ. ಅದರ ಮೇಲೆ ಬೇರೆ ಬೇರೆ ಲೋಹದ ಕೆಲಸ. 1972ರಲ್ಲಿ ಇಟಲಿಯ ರಿಯಾಚೆ ಊರಿನ ಹತ್ತಿರ ಸಮುದ್ರದ ತಳದಲ್ಲಿ ಎರಡು ಗ್ರೀಕ್ ಕಂಚಿನ ಯೋಧರು ಸಿಕ್ಕಿದರು, ಆಳೆತ್ತರಕ್ಕಿಂತ ತುಸು ದೊಡ್ಡವರು. ಅವರಲ್ಲಿ ಒಬ್ಬನ ಹಲ್ಲು ಬೆಳ್ಳಿಯದು, ತುಟಿ ಕೆಂಪು ತಾಮ್ರದ್ದು. ರೋಮ್‌ನಲ್ಲಿ 1885ರಲ್ಲಿ ಸಿಕ್ಕಿದ, ಕೂತಿರುವ ಬಾಕ್ಸರ್‌ನ ಪ್ರತಿಮೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಮೂಗು ಜಜ್ಜಿಹೋಗಿದೆ, ಕಿವಿ ಊದಿಕೊಂಡಿದೆ. ಮುಖದ ಗಾಯಗಳಲ್ಲಿ ತಾಮ್ರ ಕೂರಿಸಿ ರಕ್ತ ಮಾಡಿದ್ದಾರೆ. ಆತ ಬಲಕ್ಕೆ ತಲೆ ತಿರುಗಿಸಿದಾಗ ಹನಿಗಳು ಎಲ್ಲಿ ಬೀಳಬೇಕೋ ಅಲ್ಲೇ, ಬಲ ತೋಳಿನ ಮೇಲೆ, ಬಲ ತೊಡೆಯ ಮೇಲೆ, ತಾಮ್ರದ ತೊಟ್ಟುಗಳಿವೆ. ಇಡೀ ಮೈ ಹಸಿರಾಗಿದ್ದರೆ ಈ ಕೆಂಪು ಯಾರಿಗೆ ಕಾಣಿಸುತ್ತಿತ್ತು? ಅಮೃತಶಿಲೆಯ ಪ್ರತಿಮೆಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಈಗ ನಾವು ನೋಡುವ ಬಿಳುಪು, ಬಣ್ಣ ಹೋದ ಮೇಲೆ ಉಳಿದದ್ದು.

ಮಾಡುತ್ತಿದ್ದ ರೀತಿಗೆ ಬಂದರೆ, ಬರ್ಲಿನ್ನಿನ ಮ್ಯೂಸಿಯಂನಲ್ಲಿ ಒಂದು ಮಣ್ಣಿನ ಪಾನಪಾತ್ರೆ ಇದೆ. ಕ್ರಿಸ್ತಪೂರ್ವ 490–480ರ ಸುಮಾರಿನದು, ಅಥೆನ್ಸಿನ ಕೆಲಸ. ಅದರ ಹೊರಮೈಮೇಲೆ ಒಂದು ಎರಕದ ಮನೆಯ ಚಿತ್ರವಿದೆ. ಎತ್ತರದ ಕುಲುಮೆ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬೆಂಕಿ ಕೆದಕುವವನು, ಹಿಂದೆ ತಿದಿಯ ಹತ್ತಿರ ಇಣುಕುವ ಹುಡುಗ. ಗೋಡೆಗೆ ಸುತ್ತಿಗೆ, ಗರಗಸ ನೇತುಹಾಕಿದ್ದಾರೆ. ಒಂದು ಕಡೆ ಎರಕವಾದ ದೇಹವೊಂದು ಕೈ ಚಾಚಿ ಮಲಗಿದೆ, ತಲೆ ಇನ್ನೂ ಕೂರಿಸಿಲ್ಲ. ಆ ತಲೆ ನೆಲದ ಮೇಲೆ ಬಿದ್ದುಕೊಂಡಿದೆ. ಇನ್ನೊಂದು ಬದಿಯಲ್ಲಿ ಭಾರೀ ಯೋಧನ ಪ್ರತಿಮೆಯನ್ನು ಇಬ್ಬರು ಬಾಗಿದ ಉಳಿಯಂಥ ಸಾಧನದಿಂದ ಹೆರೆದು ನುಣುಪು ಮಾಡುತ್ತಿದ್ದಾರೆ. ದೊಡ್ಡ ಪ್ರತಿಮೆಗಳನ್ನು ಒಂದೇ ಸಲ ಎರಕ ಹೊಯ್ಯುತ್ತಿರಲಿಲ್ಲ, ತಲೆ, ತೋಳು, ಕಾಲು ಬೇರೆ ಬೇರೆ ಮಾಡಿ ಆಮೇಲೆ ಜೋಡಿಸುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ಚೆಂದದ ಪುರಾವೆ ಬೇಕಿಲ್ಲ.

ವಿಧಾನ ಮೇಣದ ಎರಕ. ಮೊದಲು ಮಣ್ಣಿನ ಮಾದರಿ. ಅದರ ಮೇಲೆ ತುಂಡು ತುಂಡಾಗಿ ಅಚ್ಚು ತೆಗೆಯುವುದು. ಅಚ್ಚಿನ ಒಳಮೈಗೆ ಜೇನುಮೇಣ ಬಳಿದು, ನಡುವಿನ ಟೊಳ್ಳಿಗೆ ಮಣ್ಣು ತುಂಬುವುದು. ಒಳಗಿನ ಮಣ್ಣು ಅಲುಗದಂತೆ ಲೋಹದ ಮೊಳೆ ಚುಚ್ಚಿ, ಹೊರಗೆ ಮತ್ತೆ ಮಣ್ಣು ಮೆತ್ತಿ ಸುಡುವುದು. ಮೇಣ ಕರಗಿ ಹರಿದುಹೋದ ಜಾಗಕ್ಕೆ ಕಾದ ಕಂಚು ಬರುತ್ತದೆ. ತಾಮ್ರಕ್ಕೆ ಹತ್ತರಲ್ಲೊಂದು ಪಾಲಿನಷ್ಟು ತವರ ಬೆರೆಸಿದರೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ನೀರಾಗುತ್ತದೆ. ಬರೀ ತಾಮ್ರಕ್ಕಾದರೆ 1085 ಬೇಕು. ರೋಮನ್ನರು ಇದಕ್ಕೆ ಸೀಸವನ್ನೂ ಧಾರಾಳವಾಗಿ ಹಾಕುತ್ತಿದ್ದರು. ಎರಕ ಸಲೀಸಾಗಿ ಹರಿಯುತ್ತದೆ, ಖರ್ಚೂ ಕಡಿಮೆ. ಹೀಗೆ ಬಂದ ಪ್ರತಿಮೆಯ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಗುಳ್ಳೆ ಬಿದ್ದ ಕಡೆ ಚೌಕಾಕಾರದ ಚಿಕ್ಕ ತೇಪೆ ಹಾಕುತ್ತಿದ್ದರು. ಹತ್ತಿರದಿಂದ ನೋಡಿದರೆ ಇವತ್ತಿಗೂ ತೇಪೆಯ ಅಂಚು ಕಾಣುತ್ತದೆ.

ನಿಮ್ಮದರಂಥ ಚಿಕ್ಕದಕ್ಕೆ ಇಷ್ಟೆಲ್ಲ ರಗಳೆ ಇಲ್ಲ. ಮೇಣದಲ್ಲೇ ನೇರ ಗೊಂಬೆ ಮಾಡಿ ಗಟ್ಟಿ ಎರಕ ಹೊಯ್ದುಬಿಡುತ್ತಿದ್ದರು, ಒಳಗೆ ಟೊಳ್ಳು ಇರುತ್ತಿರಲಿಲ್ಲ. ಕೂದಲ ಎಳೆ, ಬೆರಳ ಸಂದು, ಚೀಲದ ನೆರಿಗೆಯನ್ನು ಆಮೇಲೆ ಉಳಿಯಿಂದ ಚೂಪು ಮಾಡುತ್ತಿದ್ದರು. ಈ ವಿಧಾನ ನಮಗೇನೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಅಂದರೆ 12ನೇ ಶತಮಾನದಲ್ಲಿ, ಮೇಣದ ಗೊಂಬೆಯನ್ನು ತೂಗಿ ಅದರ ಲೆಕ್ಕದಲ್ಲಿ ಲೋಹ ತೆಗೆದುಕೊಳ್ಳಬೇಕು ಅನ್ನುವ ತನಕ ವಿವರವಿದೆ.

“ಇಷ್ಟು ಚಿಕ್ಕದನ್ನು ಯಾಕೆ ಮಾಡುತ್ತಿದ್ದರು” ಅಂತ ಕೇಳಿದ್ದೀರಿ. ಬಹುಪಾಲು ಎರಡು ಕಾರಣಕ್ಕೆ. ಒಂದು, ಮನೆಯ ಪೂಜೆಗೆ. ಕ್ರಿಸ್ತಶಕ 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪೊಂಪೇ ಪಟ್ಟಣದಲ್ಲಿ ಮನೆ ಮನೆಯಲ್ಲೂ ಗೋಡೆಯ ಗೂಡುಗಳು ಸಿಕ್ಕಿವೆ. ಮನೆ ಕಾಯುವ ಲಾರ್ ದೇವತೆಗಳು, ಜೊತೆಗೆ ಮನೆಯವರ ಇಷ್ಟದ ಮರ್ಕ್ಯುರಿ, ಫಾರ್ಚುನಾ, ಮಿನರ್ವಾ ಅಲ್ಲಿರುತ್ತಿದ್ದವು. ಧೂಪ, ಹೂಮಾಲೆ, ಊಟದಲ್ಲಿ ಒಂದು ಪಾಲು. ಅಂಗಡಿ ಇಟ್ಟವರ ಮನೆಯಲ್ಲಿ ಹಣದ ಚೀಲದ ಮರ್ಕ್ಯುರಿ ಇದ್ದರೆ ಯಾಕೆ ಅಂತ ಯಾರೂ ಕೇಳಬೇಕಿಲ್ಲ. ಎರಡನೆಯದು ಹರಕೆ. ಕಾಯಿಲೆ ವಾಸಿಯಾದರೆ, ಪ್ರಯಾಣ ಸುಗಮವಾದರೆ ದೇವಸ್ಥಾನಕ್ಕೆ ಒಂದು ಗೊಂಬೆ ಒಪ್ಪಿಸುವುದು. ಗ್ರೀಸಿನ ಒಲಿಂಪಿಯಾದಲ್ಲಿ ಅಗೆದಾಗ ಪುಟ್ಟ ಕಂಚಿನ ಕುದುರೆ, ಎತ್ತುಗಳು ಸಾವಿರಗಟ್ಟಲೆ ಸಿಕ್ಕಿದವು. 2022ರಲ್ಲಿ ಇಟಲಿಯ ಸಾನ್ ಕಾಶಿಯಾನೊ ದೇಯ್ ಬಾನ್ಯಿ ಎಂಬಲ್ಲಿ ಬಿಸಿನೀರಿನ ಬುಗ್ಗೆಯ ಕೆಸರಿನಿಂದ ಇಪ್ಪತ್ತಕ್ಕೂ ಹೆಚ್ಚು ಕಂಚಿನ ಪ್ರತಿಮೆಗಳು ಎದ್ದುಬಂದವು, ಜೊತೆಗೆ ಸಾವಿರಾರು ನಾಣ್ಯ. ವಾಸಿಯಾಗಲಿ ಅಂತ ಬೇಡಿಕೊಂಡವರು ಬುಗ್ಗೆಗೆ ಒಪ್ಪಿಸಿದ್ದವು.

ದೊಡ್ಡ ಪ್ರತಿಮೆಗಳ ಬದುಕು ಇನ್ನೂ ಗದ್ದಲದ್ದು. ಒಲಿಂಪಿಯಾದಲ್ಲಿ ಶಿಲ್ಪಿ ಫಿಡಿಯಾಸ್ ಮಾಡಿದ ಚಿನ್ನ ಮತ್ತು ದಂತದ ಪ್ರತಿಮೆ ಗ್ರೀಕರ ದೊಡ್ಡ ದೇವರು ಜ್ಯೂಸ್‌ನದು, ಸುಮಾರು 12 ಮೀಟರ್ ಎತ್ತರ. ಆ ಜಾಗದ ಜೌಗಿನಿಂದ ದಂತ ಹಾಳಾಗದಿರಲಿ ಅಂತ ಎಣ್ಣೆ ಬಳಸುತ್ತಿದ್ದರು, ಪ್ರತಿಮೆ ಒರೆಸಿ ಶುಚಿಯಾಗಿಡುವ ಹಕ್ಕು ಫಿಡಿಯಾಸ್‌ನ ವಂಶದವರದ್ದು ಅಂತ ಪೌಸಾನಿಯಸ್ ಎಂಬ ಪ್ರವಾಸಿ ಬರೆದಿದ್ದಾನೆ. ಅಲ್ಲೇ ಸ್ಟೇಡಿಯಂಗೆ ಹೋಗುವ ದಾರಿಯಲ್ಲಿ ಸಾಲಾಗಿ ಕಂಚಿನ ಜ್ಯೂಸ್‌ಗಳಿದ್ದವು. ಆಟದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದವರ ದಂಡದ ಹಣದಲ್ಲಿ ಮಾಡಿಸಿದವು! ಕ್ರಿಸ್ತಪೂರ್ವ 388ರಲ್ಲಿ ಯೂಪೊಲಸ್ ಎಂಬ ಬಾಕ್ಸರ್ ಎದುರಾಳಿಗಳಿಗೆ ಲಂಚ ಕೊಟ್ಟಾಗ ಶುರುವಾದ ಪದ್ಧತಿ ಇದು. ಪೀಠಗಳ ಸಾಲು ಈಗಲೂ ಅಲ್ಲಿದೆ, ಮೇಲೆ ಪ್ರತಿಮೆಗಳಿಲ್ಲ.

ಅವು ಎಲ್ಲಿ ಹೋದವು ಅನ್ನುವುದು ನಿಮ್ಮ ಪ್ರಶ್ನೆಗೂ ಸಂಬಂಧಿಸಿದ್ದು. ಕಂಚು ಯಾವತ್ತಿಗೂ ಕಂಚೇ, ಕರಗಿಸಿದರೆ ದುಡ್ಡು. ಅಥೆನ್ಸನ್ನು ಹತ್ತು ವರ್ಷ ಆಳಿದ ಫಲೆರಾನ್‌ನ ಡಿಮಿಟ್ರಿಯಸ್‌ಗೆ ಊರಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರತಿಮೆಗಳಿದ್ದವಂತೆ. ಕ್ರಿಸ್ತಪೂರ್ವ 307ರಲ್ಲಿ ಅವನು ಅಧಿಕಾರ ಕಳೆದುಕೊಂಡ ಮೇಲೆ ಅವನ್ನೆಲ್ಲ ಉರುಳಿಸಿದರು. ಕೆಲವನ್ನು ಕರಗಿಸಿ ಉಚ್ಚೆಯ ಪಾತ್ರೆ ಮಾಡಿದರು ಅಂತ ಹಳೆಯವರು ಹೇಳಿಕೊಂಡು ನಕ್ಕಿದ್ದಾರೆ. ರೋಡ್ಸ್ ದ್ವೀಪದವರು ಕರಗಿಸುವ ಗೋಜಿಗೂ ಹೋಗಲಿಲ್ಲ. ಹಳೇ ಪ್ರತಿಮೆಯ ಪೀಠದ ಮೇಲಿನ ಹೆಸರು ಅಳಿಸಿ ಹೊಸ ಗಣ್ಯರ ಹೆಸರು ಕೆತ್ತಿಬಿಡುತ್ತಿದ್ದರು. ಡಿಯೋ ಕ್ರಿಸೋಸ್ಟಮ್ ಎಂಬ ವಾಗ್ಮಿ ಇದಕ್ಕೆ ಅವರನ್ನು ಚೆನ್ನಾಗಿ ಬೈದ ಭಾಷಣ ಉಳಿದಿದೆ. ಹೀಗಾಗಿ ದೊಡ್ಡ ಕಂಚಿನ ಪ್ರತಿಮೆಗಳಲ್ಲಿ ಉಳಿದವು ಬಹುಮಟ್ಟಿಗೆ ಹಡಗಿನ ಜೊತೆ ಮುಳುಗಿದವು, ಇಲ್ಲವೇ ಮಣ್ಣಲ್ಲಿ ಹೂತವು. ಚಿಕ್ಕವು ಮಾತ್ರ ಮನೆಯಲ್ಲಿ, ಗುಡಿಯ ಗುಂಡಿಯಲ್ಲಿ, ಕಳೆದುಹೋದ ಗಂಟಿನಲ್ಲಿ ಸಾವಿರಾರು ಉಳಿದುಕೊಂಡವು. ಪುಟ್ಟವಾದ್ದರಿಂದ ದೂರವೂ ಹೋದವು. ಕೊಲ್ಹಾಪುರದ ಬ್ರಹ್ಮಪುರಿಯಲ್ಲಿ ಸಿಕ್ಕಿದ, ಗ್ರೀಕರ ಸಮುದ್ರದೇವ ಪೊಸೈಡನ್ನನ ಚಿಕ್ಕ ಕಂಚಿನ ಪ್ರತಿಮೆ ಆ ಕಾಲದ ಸಮುದ್ರ ವ್ಯಾಪಾರದಲ್ಲಿ ದಖನ್ನಿಗೆ ಬಂದದ್ದು.

ಆದ್ದರಿಂದ ನಿಮ್ಮ ಮರ್ಕ್ಯುರಿ ಅಸಲಿ ಆಗಿರುವುದು ಅಸಾಧ್ಯವೇನಲ್ಲ. ಆದರೆ ಹಸಿರು ಅದಕ್ಕೆ ಸಾಕ್ಷಿ ಅನ್ನುವುದು ಶುದ್ಧ ಬೊಗಳೆ. 19ನೇ ಶತಮಾನದಲ್ಲಿ ಪ್ರವಾಸಿಗಳು ಪೊಂಪೇ ನೋಡಲು ಮುಗಿಬಿದ್ದಾಗ, ನೇಪಲ್ಸಿನ ಎರಕದ ಮನೆಗಳು ಅಲ್ಲಿ ಸಿಕ್ಕ ಪ್ರತಿಮೆಗಳ ನಕಲು ಮಾಡಿ ರಾಜಾರೋಷವಾಗಿ ಮಾರುತ್ತಿದ್ದವು. ಅದು ಮೋಸವಲ್ಲ, ನಕಲು ಅಂತ ಹೇಳಿಯೇ ಮಾರುತ್ತಿದ್ದರು. ಗಿರಾಕಿ ಕೇಳಿದರೆ ಹಸಿರು ಬಣ್ಣವನ್ನೂ ಬರಿಸಿಕೊಡುತ್ತಿದ್ದರು. ನವಸಾಗರ, ಅಮೋನಿಯಾ, ಉಪ್ಪು, ಹುಳಿ ಇದ್ದರೆ ಕೆಲವೇ ದಿನದಲ್ಲಿ ಹೊಸ ಲೋಹ ಹಸಿರಾಗುತ್ತದೆ. ಇನ್ನೂ ಅಗ್ಗದ ದಾರಿ ಅಂದರೆ ಹಸಿರು ಬಣ್ಣಕ್ಕೆ ಅಂಟು, ಮಣ್ಣು ಕಲಸಿ ಮೆತ್ತುವುದು. ನಮ್ಮ ಮೇಜಿಗೆ ಬರುವ “ಎರಡು ಸಾವಿರ ವರ್ಷದ” ಗೊಂಬೆಗಳಲ್ಲಿ ಕೆಲವದರ ವಯಸ್ಸು ಅಸಿಟೋನ್ ಸವರಿದ ಹತ್ತಿಯ ತುಂಡಿಗೆ ಅಂಟಿಕೊಂಡು ಬಂದುಬಿಡುತ್ತದೆ. ನೀವು ಮನೆಯಲ್ಲಿ ಇದನ್ನು ಮಾಡಿ ನೋಡಬೇಡಿ.

ಇನ್ನು ಆ ಪುಡಿ. ಗಟ್ಟಿಯಾಗಿ ಅಂಟಿಕೊಂಡ ಕಡು ಹಸಿರು ಪದರ ಬೇರೆ, ಚುಕ್ಕೆ ಚುಕ್ಕೆಯಾಗಿ ಉಕ್ಕಿ ಉದುರುವ ತಿಳಿ ಹಸಿರು ಪುಡಿ ಬೇರೆ. ಮೊದಲನೆಯದು ಲೋಹಕ್ಕೆ ಹೊದಿಕೆ, ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಎರಡನೆಯದನ್ನು ನಾವು ಬ್ರಾಂಜ್ ಡಿಸೀಸ್ ಅನ್ನುತ್ತೇವೆ. ನೀವು ಬರೆದಿರುವ ಲಕ್ಷಣ ಅದೇ. ಲೋಹದ ಒಳಗೆ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ತಾಮ್ರದ ಜೊತೆ ಸೇರಿ ಕ್ಯುಪ್ರಸ್ ಕ್ಲೋರೈಡ್ ಆಗಿ ಅವಿತುಕೊಂಡಿರುತ್ತದೆ. ಒಣಗಿದ್ದಷ್ಟು ದಿನ ಸುಮ್ನೆ ಇರುತ್ತದೆ. ತೇವ ಮತ್ತು ಗಾಳಿ ಸೋಕಿದರೆ ತಿಳಿ ಹಸಿರು ಪುಡಿಯಾಗುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಸಿಡ್ ಹುಟ್ಟುತ್ತದೆ. ಆ ಆಸಿಡ್ ಪಕ್ಕದ ಒಳ್ಳೇ ಲೋಹವನ್ನು ತಿಂದು ಮತ್ತೆ ಕ್ಲೋರೈಡ್ ಮಾಡುತ್ತದೆ. ಹೀಗೆ ಚಕ್ರ ತಿರುಗುತ್ತಲೇ ಇರುತ್ತದೆ. ಗಾಳಿಯ ತೇವಾಂಶ ಶೇಕಡಾ 45ರ ಆಸುಪಾಸು ದಾಟಿದರೆ ಸಾಕು, ಇದು ಚುರುಕಾಗುತ್ತದೆ. ಜರ್ಮನಿಯ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆ ಒಣಗಿರುತ್ತದೆ. ಮಂಗಳೂರಿನ ಆಷಾಢದಲ್ಲಿ ಹೇಗಿರುತ್ತದೆ ಅಂತ ನಾನು ನಿಮಗೆ ಹೇಳಬೇಕಾ? ಹಾಗಾಗಿ ಅಲ್ಲಿ ಸುಮ್ಮನಿದ್ದದ್ದು ಇಲ್ಲಿ ಎಚ್ಚರವಾಯಿತು.

ಡಿಸೀಸ್ ಅಂತ ಹೆಸರಿದ್ದರೂ ಇದರಲ್ಲಿ ರೋಗಾಣು ಇಲ್ಲ, ಶಿಲೀಂಧ್ರ ಇಲ್ಲ. ನಿಮ್ಮ ಹಿತ್ತಾಳೆ ದೀಪಗಳಿಗೆ ಅಂಟುತ್ತದೆ ಅನ್ನುವ ಭಯ ಬೇಡ. ಪುಡಿ ಮಾತ್ರ ಹೊಟ್ಟೆಗೆ ಹೋಗಬಾರದು. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಇನ್ನೊಂದು ಮಾತು, ಈ ಪುಡಿ ಕೂಡ ಹಳೆಯದು ಅನ್ನುವುದಕ್ಕೆ ಸಾಕ್ಷಿಯಲ್ಲ. ನವಸಾಗರ ಹಾಕಿ ಹಸಿರು ಬರಿಸಿದ ಹೊಸ ಗೊಂಬೆಯಲ್ಲೂ ಕ್ಲೋರೈಡ್ ಇರುತ್ತದೆ, ಅದೂ ಮಳೆಗಾಲದಲ್ಲಿ ಹೀಗೇ ಉದುರಿಸುತ್ತದೆ.

ಹುಣಸೆಹುಳಿಯ ವಿಷಯದಲ್ಲಿ ನಿಮ್ಮ ಅಮ್ಮನ ಅನುಭವ ಸುಳ್ಳಲ್ಲ. ದಿನಾ ಬಳಸುವ ದೀಪ, ತಂಬಿಗೆಗೆ ಅದು ಸರಿಯಾದ ಮದ್ದೇ. ಹುಳಿ ಮೇಲಿನ ಕಿಲುಬನ್ನು ಕರಗಿಸುತ್ತದೆ, ಕೆಳಗಿನ ಲೋಹ ಗಟ್ಟಿಯಾಗಿರುತ್ತದೆ, ಹೊಳಪು ಬರುತ್ತದೆ. ಎರಿಥ್ರೈ ಜನ ಉಜ್ಜಿಸಿದ್ದೂ ಇಂಥ ಗಟ್ಟಿ ಲೋಹವನ್ನೇ. ಶತಮಾನಗಟ್ಟಲೆ ಮಣ್ಣಲ್ಲಿದ್ದ ಕಂಚಿನ ವಿಷಯ ಬೇರೆ. ಅದರಲ್ಲಿ ಶಿಲ್ಪಿ ಕೆತ್ತಿದ ಮೂಲ ಮೇಲ್ಮೈ ಲೋಹದಲ್ಲಿ ಉಳಿದಿರುವುದಿಲ್ಲ, ಲೋಹ ಬದಲಾಗಿ ಆದ ಪದರದ ಒಳಗೆ ಉಳಿದಿರುತ್ತದೆ. ಕಣ್ಣಿನ ರೆಪ್ಪೆ, ಕೂದಲಿನ ಗೆರೆ, ಚೀಲದ ನೆರಿಗೆ ಎಲ್ಲವೂ ಆ ಹಸಿರಿನಲ್ಲೇ, ಅದರಡಿಯ ಕೆಂಪು ಪದರದಲ್ಲೇ ಇರುತ್ತವೆ. ಹುಳಿ ಹಾಕಿ ಉಜ್ಜಿದರೆ ಹೊಳೆಯುವ ಲೋಹವೇನೋ ಸಿಗುತ್ತದೆ, ಮುಖ ಸಿಗುವುದಿಲ್ಲ. ಮೈಯಲ್ಲಿ ಗುಳಿಗಳು ಉಳಿಯುತ್ತವೆ. ನೀರು ಬೇರೆ ಸೇರಿತಲ್ಲ, ಒಂದೆರಡು ವಾರದಲ್ಲಿ ಪುಡಿ ಮತ್ತೆ ಹಾಜರ್.

ಹಾಗಾದರೆ ದಾರಿಗಳೇನು? ಸುಲಭವಾದದ್ದು, ಈಗಲೇ ಶುರು ಮಾಡಬಹುದಾದದ್ದು, ಒಣಗಿಸಿ ಇಡುವುದು. ಬಿಗಿಯಾಗಿ ಮುಚ್ಚುವ ಪಾಲಿಪ್ರೊಪಿಲೀನ್ ಡಬ್ಬಿ, ಧಾರಾಳ ಸಿಲಿಕಾ ಜೆಲ್, ಒಳಗೆ ಒಂದು ಚಿಕ್ಕ ತೇವಾಂಶ ಮಾಪಕ. ಅಂಕಿ 40ರ ಕೆಳಗಿರಬೇಕು, 35ಕ್ಕೆ ಇಳಿದರೆ ಇನ್ನೂ ಒಳ್ಳೆಯದು. ಮರದ ಪೆಟ್ಟಿಗೆ ಬೇಡ, ಪ್ಲೈವುಡ್ ಅಂತೂ ಬೇಡವೇ ಬೇಡ, ಅವುಗಳಿಂದ ಹೊರಡುವ ಆಸಿಡ್ ಆವಿ ಲೋಹಕ್ಕೆ ಆಗದು. ರಬ್ಬರ್ ಬ್ಯಾಂಡ್, ಉಣ್ಣೆ, ಹಳೇ ಪೇಪರ್ ಕೂಡ ಬೇಡ. ಬರಿಗೈಯಲ್ಲಿ ಹಿಡಿಯಬೇಡಿ, ಬೆವರಲ್ಲಿ ಉಪ್ಪಿದೆ. ಇದರ ತೊಂದರೆ ಏನಂದರೆ, ಇದು ವಾಸಿ ಮಾಡುವುದಿಲ್ಲ, ತಡೆಯುತ್ತದೆ ಅಷ್ಟೇ. ಮಳೆಗಾಲದಲ್ಲಿ ಜೆಲ್ ಬೇಗ ನೆನೆಯುತ್ತದೆ, ಬಿಸಿ ಮಾಡಿ ಮತ್ತೆ ಒಣಗಿಸಬೇಕು. ಮರೆತು ಒಂದು ತಿಂಗಳು ಬಿಟ್ಟರೆ ಚಕ್ರ ಮತ್ತೆ ಶುರು.

ಎರಡನೆಯ ದಾರಿ ಸಂರಕ್ಷಕರ ಹತ್ತಿರ ಹೋಗುವುದು. ಅವರು ಸೂಕ್ಷ್ಮದರ್ಶಕದ ಕೆಳಗಿಟ್ಟು ಪುಡಿ ಬಂದ ಚುಕ್ಕೆಗಳನ್ನಷ್ಟೇ ಸೂಜಿಯಿಂದ ಕೆದಕಿ ತೆಗೆಯುತ್ತಾರೆ. ಆಮೇಲೆ ಕಿಲುಬು ತಡೆಯುವ ಬೆಂಜೋಟ್ರಯಜೋಲ್ ದ್ರಾವಣ, ಅದರ ಮೇಲೆ ತೆಳು ಲೇಪನ. ನನ್ನ ಕೇಳಿದರೆ ನಿಮಗೆ ಇದೇ ಸರಿ. ಇದರಲ್ಲೂ ಅಪಾಯ ಇಲ್ಲ ಅಂತಲ್ಲ. ಆ ರಾಸಾಯನಿಕ ವಿಷ, ಮನೆಯಲ್ಲಿ ವಿಡಿಯೋ ನೋಡಿಕೊಂಡು ಮಾಡುವಂಥದ್ದಲ್ಲ. ಆಳದಲ್ಲಿ ಕ್ಲೋರೈಡ್ ಉಳಿದರೆ ಕೆಲವು ವರ್ಷದ ಮೇಲೆ ಪುಡಿ ಮರಳಿ ಬರಬಹುದು. ಚಿಕಿತ್ಸೆ ಆದ ಮೇಲೂ ಒಣ ಡಬ್ಬಿ ತಪ್ಪುವುದಿಲ್ಲ. ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ, ಪರಂಪರೆಯ ವಸ್ತುಗಳನ್ನು ಕಾಪಾಡುವ ಇಂಟಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ. ಮೊದಲು ಬರೆದು ಕೇಳಿ, ಆಮೇಲೆ ವಸ್ತು ತೆಗೆದುಕೊಂಡು ಹೋಗಿ.

ವಯಸ್ಸು ತಿಳಿಯುವ ಪರೀಕ್ಷೆಯ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಲೋಹಕ್ಕೆ ಕಾರ್ಬನ್ ಪರೀಕ್ಷೆ ನಡೆಯುವುದಿಲ್ಲ. ಟೊಳ್ಳು ಪ್ರತಿಮೆಯಾದರೆ ಒಳಗಿನ ಸುಟ್ಟ ಮಣ್ಣಿನಿಂದ ಕಾಲ ಅಂದಾಜಿಸಬಹುದು, ಗಟ್ಟಿ ಎರಕದ ಗೊಂಬೆಯಲ್ಲಿ ಆ ಮಣ್ಣೇ ಇಲ್ಲ. ಎಕ್ಸ್‌ರೇ ಯಂತ್ರದಿಂದ ಲೋಹದ ಬೆರಕೆ ನೋಡಬಹುದು. ಸತು ಶೇಕಡಾ 30 ದಾಟಿದ್ದರೆ ಅನುಮಾನ ಗಟ್ಟಿ. ಸತುವಿನ ಅದಿರಿನ ಜೊತೆ ತಾಮ್ರ ಕಾಯಿಸಿ ಹಿತ್ತಾಳೆ ಮಾಡುತ್ತಿದ್ದ ರೋಮನ್ನರಿಗೆ ಅಷ್ಟು ಸತು ಸೇರಿಸಲು ಆಗುತ್ತಿರಲಿಲ್ಲ. ಆದರೆ ಬೆರಕೆ ಸರಿಯಾಗಿದ್ದರೆ “ಅಸಲಿ” ಅಂತ ಹೇಳಲು ಬರುವುದಿಲ್ಲ, “ನಕಲಿ ಅನ್ನಲು ಕಾರಣ ಸಿಗಲಿಲ್ಲ” ಅನ್ನಬಹುದು ಅಷ್ಟೇ. ಪರೀಕ್ಷೆಯಿಂದ ಸುಳ್ಳು ಹಿಡಿಯುವುದು ಸುಲಭ, ನಿಜ ಸಾಬೀತು ಮಾಡುವುದು ಕಷ್ಟ.

ಭಾವನವರ ಲಕ್ಷದ ಲೆಕ್ಕಕ್ಕೂ ಒಂದು ಮಾತು. ಗೊಂಬೆ ನಕಲಿಯಾದರೆ ಅಷ್ಟು ದುಡ್ಡು ಬರುವುದಿಲ್ಲ. ಅಸಲಿಯಾದರೆ ಬೇರೆ ತಲೆನೋವು. ನೂರು ವರ್ಷ ದಾಟಿದ ಪುರಾತತ್ವ ವಸ್ತುವನ್ನು ಯುರೋಪ್ ಒಕ್ಕೂಟದಿಂದ ಹೊರಗೆ ಒಯ್ಯಲು ರಫ್ತು ಪರವಾನಗಿ ಬೇಕು, ಬೆಲೆ ಎಷ್ಟೇ ಇರಲಿ. ನಿಮ್ಮ ಹತ್ತಿರ ಅದಿಲ್ಲ. ಕಾಗದವಿಲ್ಲದ ಹಳೇ ವಸ್ತುವನ್ನು ಮರ್ಯಾದಸ್ಥ ಮಾರಾಟಗಾರರು ಮುಟ್ಟುವುದಿಲ್ಲ, ಕಳವಿನ ಅಗೆತದ್ದು ಅನ್ನುವ ಅನುಮಾನ ಇದ್ದೇ ಇರುತ್ತದೆ. ನಮ್ಮಲ್ಲೂ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ನೂರು ವರ್ಷಕ್ಕಿಂತ ಹಳೆಯ ಶಿಲ್ಪವನ್ನು ಖಾಸಗಿಯವರು ಭಾರತದಿಂದ ಹೊರಗೆ ಕಳಿಸುವಂತಿಲ್ಲ. ಮಗಳ ಕೈಯಲ್ಲಿ ವಾಪಸ್ ಕಳಿಸಿಬಿಡೋಣ ಅಂತ ಸೂಟ್‌ಕೇಸಿಗೆ ಹಾಕಬೇಡಿ. ಪುರಾತತ್ವ ಇಲಾಖೆಯವರು ನೋಡಿ ಪುರಾತನ ಅಲ್ಲ ಅಂತ ಪ್ರಮಾಣಪತ್ರ ಕೊಟ್ಟರೆ ಮಾತ್ರ ಆ ಯೋಚನೆ. ಮಗಳು ಆ ಸಂತೆಗೆ ಹೋಗುವುದಿದ್ದರೆ ಮಾರಿದವನಿಂದ ರಸೀದಿಯನ್ನೋ, ಎಲ್ಲಿಂದ ಬಂತು ಅನ್ನುವ ಬರಹವನ್ನೋ ಕೇಳಿ ನೋಡಲಿ. ಹಿಂದೇಟು ಹಾಕಿದರೆ ಅದೂ ಒಂದು ಉತ್ತರವೇ.

ಭಿನ್ನ ಮೂರ್ತಿಯ ಬಗ್ಗೆ ನಾನು ಶಾಸ್ತ್ರ ಹೇಳಲಾರೆ, ಅದು ನಿಮ್ಮ ಮನೆಯವರ ನಂಬಿಕೆಗೆ ಬಿಟ್ಟದ್ದು. ಗ್ರೀಕರು ಮುರಿದ ಹರಕೆಯ ಗೊಂಬೆಗಳನ್ನು ಬೀದಿಗೆ ಎಸೆಯುತ್ತಿರಲಿಲ್ಲ, ಅವು ದೇವರ ಸೊತ್ತು ಅಂತ ಗುಡಿಯ ಆವರಣದಲ್ಲೇ ಹೂಳುತ್ತಿದ್ದರು ಅನ್ನುವುದನ್ನಷ್ಟೇ ಹೇಳಬಲ್ಲೆ. ದೇವರ ಕೋಣೆಯಲ್ಲಿ ಇಡಬೇಕು ಅನ್ನಿಸಿದರೆ ಡಬ್ಬಿ ಸಮೇತ ಇಡಿ. ಅಭಿಷೇಕ, ಕುಂಕುಮ, ಎಣ್ಣೆ ಯಾವುದೂ ಬೇಡ.

ಪ್ರಯೋಗಾಲಯಕ್ಕೆ ಬರೆಯುವಾಗ ಫೋಟೋ ಕಳಿಸಿ. ಹಗಲಿನ ಬೆಳಕಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ನಾಲ್ಕೂ ಬದಿಯದು, ಪಾದದ ಅಡಿಯದು, ಪುಡಿ ಬಂದ ಜಾಗದ್ದು. ತೂಕವನ್ನೂ ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ ಮಣಿಕಟ್ಟಿನ ಮುರಿದ ಮುಖವನ್ನು ಆದಷ್ಟು ಹತ್ತಿರದಿಂದ ತೆಗೆಯಿರಿ. ಮೈಯೆಲ್ಲ ಹಸಿರಾಗಿದ್ದು ಮುರಿದ ಜಾಗ ಮಾತ್ರ ಹಳದಿಯಾಗಿ ಹೊಳೆಯುತ್ತಿದ್ದರೆ ಕೈ ಇತ್ತೀಚೆಗೆ ಮುರಿದದ್ದು. ಒಳಗೆ ಹಳದಿ ಲೋಹ, ಅದರ ಸುತ್ತ ಕೆಂಪು ಪದರ, ಅದರ ಹೊರಗೆ ಹಸಿರು ಅಂತ ಸಾಲಾಗಿ ಕಂಡರೆ, ನೋಡುವವರು ನಿಮಗೆ ಫೋನ್ ಮಾಡುತ್ತಾರೆ.